ಬಂಡೆ ಸಾಲಿನ ಹಳದಿ ದಾರ

ಶಾಗ್ಯದ ಸುತ್ತ ಈಗ ಸೀತಾಫಲದ ತೋಟ ಹೆಚ್ಚಾಗಿದೆ. ಹೂವಿಗೆ ಪುಡಿ ಹಚ್ಚೋ ಕೆಲಸಕ್ಕೆ ಹೊಸ ಹುಡುಗಿಯರು ಆಟೋ ಹತ್ತಿ ಹೋಗುತ್ತಿದ್ದಾರೆ. ನನ್ನ ಮಂಡಿ ಕೆಟ್ಟು ಮನೆಯಲ್ಲಿ ಕೂತ ಮೇಲೆ ಒಬ್ಬೊಬ್ಬಳೇ ಬಂದು "ಅಜ್ಜಿ, ಆ ಕೆಲ್ಸ ಎಂಗೆ?" ಅಂತ ಕೇಳುತ್ತಾಳೆ. ಹೇಳಿ ಹೇಳಿ ಬಾಯಿ ನೋಯಿತು, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸುಲಭದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರೆ ಹೊರೋದಿಲ್ಲ, ಅದು ನಿಜ. ಆದರೆ ಕತ್ತು ಹಿಡಿಯುತ್ತದೆ, ಕಣ್ಣು ಉರಿಯುತ್ತದೆ, ಕೆಂಪು ಇರುವೆ ರವಿಕೆಯೊಳಕ್ಕೆ ಇಳಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾಟ ಹೊತ್ತಿನದು. ಕಳೆ ಕೀಳುವವಳು ಇವತ್ತು ಬಿಟ್ಟದ್ದನ್ನು ನಾಳೆ ಕೀಳಬಹುದು. ಈ ಹೂವು ನಾಳೆಗೆ ಕಾಯುವುದಿಲ್ಲ.

ಸೀತಾಫಲದ ಒಂದೇ ಹೂವಿನಲ್ಲಿ ಹೆಣ್ಣೂ ಉಂಟು, ಗಂಡೂ ಉಂಟು. ಎರಡಕ್ಕೂ ಒಂದೇ ಹೊತ್ತಲ್ಲ. ಮೊದಲು ಹೆಣ್ಣಾಗುತ್ತದೆ. ಮೂರು ದಪ್ಪ ಎಸಳು ಚೂರು ಬಾಯಿ ಬಿಟ್ಟಿರುತ್ತವೆ, ಒಳಗೆ ನೋಡಿದರೆ ಹನಿಯ ಹಾಗೆ ಹೊಳೆಯುವ ಅಂಟು ಇರುತ್ತದೆ. ಆ ಅಂಟು ಇರುವಾಗ ಪುಡಿ ಹಚ್ಚಿದರೆ ಕಾಯಿ ಕಚ್ಚುತ್ತದೆ. ಅದು ಒಣಗಿದ ಮೇಲೆ ಅದೇ ಹೂವು ಪೂರ್ತಿ ಅರಳಿ ಗಂಡಾಗಿ ಪುಡಿ ಉದುರಿಸುತ್ತದೆ. ತನ್ನ ಪುಡಿ ಬರುವ ಹೊತ್ತಿಗೆ ತನ್ನ ಅಂಟು ಹೋಗಿರುತ್ತದೆ. ಕಾಡಿನಲ್ಲಾದರೆ ಸಾಸಿವೆಗಿಂತ ಒಂಚೂರು ದೊಡ್ಡದಾದ ಕಪ್ಪು ಹುಳ ಹೂವಿಂದ ಹೂವಿಗೆ ನುಗ್ಗಿ ಈ ಕೆಲಸ ಮಾಡುತ್ತದೆ. ತೋಟದವರು ಔಷಧಿ ಹೊಡೆದು ಆ ಹುಳ ಕೊಂದರು. ಹುಳದ ಕೆಲಸ ನಮಗೆ ಬಂತು. ಇದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ.

ನಾನು ಹುಟ್ಟಿದ್ದು ಯಳಂದೂರಿನ ಕಡೆ ಅಗರದಲ್ಲಿ. ಅಲ್ಲಿ ಗದ್ದೆ, ನಾಟಿ. ಕೊಟ್ಟಿದ್ದು ಶಾಗ್ಯಕ್ಕೆ. ಇಲ್ಲಿ ರಾಗಿ, ಜೋಳ, ಅವರೆ. ಸೀತಾಫಲ ಅಂದರೆ ನಮಗೆ ಬೇಲಿಯಲ್ಲಿ ತಾನಾಗಿ ಬೆಳೆಯುವ ಗಿಡ, ಮೇಕೆಯೂ ಮೂಸದ್ದು. ಅದಕ್ಕೆ ತೋಟ ಮಾಡಿದ್ದು ನಮ್ಮ ಕಡೆ ನಾನು ಕೂಲಿಗೆ ಹೋಗುತ್ತಿದ್ದ ಶಿವಣ್ಣನವರೇ ಮೊದಲು. ಎಲ್ಲಿಂದಲೋ ಕಸಿ ಗಿಡ ತಂದರು. ದೊಡ್ಡ ಹಣ್ಣು, ಬೀಜ ಕಮ್ಮಿ, ಕೊಳ್ಳೇಗಾಲದ ಮಂಡಿಯಲ್ಲಿ ಕೇಳಿ ಕೇಳಿ ಕೊಳ್ಳುತ್ತಾರೆ ಅಂತ ಇಡೀ ಹೊಲಕ್ಕೆ ಅದೊಂದನ್ನೇ ಹಾಕಿದರು. ಬೇಲಿಯ ನಾಟಿ ಗಿಡಗಳನ್ನು ಕಡಿಸಲು ಹೊರಟಾಗ ಅವರ ತಾಯಿ ಗೌರಮ್ಮನವರು ಅಡ್ಡ ನಿಂತರು.

"ನಿಮ್ಮಪ್ಪ ಇದ್ದಾಗ್ನಿಂದ ಅವೆ. ನಿನ್ ಗಿಡ ನೀನ್ ನೋಡ್ಕ, ಇವು ನಿನ್ನ ಏನ್ ಕೇಳ್ತಾವೆ?"

ಅದು ಒಳ್ಳೆಯದೇ ಆಯಿತು. ಕಸಿ ಗಿಡ ಹೂವಾಯಿತು, ಹೂ ಉದುರಿತು. ಮುಂದಿನ ವರ್ಷವೂ ಹಾಗೇ. ಗಿಡ ಕಿತ್ತು ಅರಿಸಿನ ಹಾಕುತ್ತೇನೆ ಅಂತ ಶಿವಣ್ಣನವರು ಜೆಸಿಬಿಯವನಿಗೆ ಹೇಳಿಯೂ ಬಿಟ್ಟಿದ್ದರು. ಅಷ್ಟರಲ್ಲಿ ಗಿಡ ಕೊಟ್ಟ ನರ್ಸರಿಯಿಂದ ಸುಷ್ಮಾ ಅಂತ ತೋಟಗಾರಿಕೆ ಓದಿದ ಹುಡುಗಿ ಬಂದು ನೋಡಿದಳು. ಈ ದೊಡ್ಡ ತಳಿಗೆ ತನ್ನ ಪುಡಿ ಅಷ್ಟಾಗಿ ಹತ್ತಲ್ಲ, ಬೇರೆ ಜಾತಿಯ ಪುಡಿ ಬೇಕು, ಬೇಲಿಯಲ್ಲಿ ಇರುವುದೇ ಸಾಕು, ಆದರೆ ಕೈಯಿಂದ ಹಚ್ಚಬೇಕು ಅಂದಳು. ಮಕ್ಕಳು ಬಣ್ಣ ಬಳಿಯುವ ಬ್ರಷ್ಷು ತಂದು ನಮ್ಮ ಕೈಗೆ ಕೊಟ್ಟಳು. ಜೊತೆಯ ಕೆಂಪಿಗೆ ನಗು ತಡೆಯಲಿಲ್ಲ.

"ಇದೇನ್ ಮೇಡಮ್ಮಾ, ಬೇಲಿಯೋನ್ ಕರ್ಕಬಂದು ಅರಮನೆಯೋಳ್ಗ ಕೊಡಾದಾ? ಜಾತಿ ಗೀತಿ ಕೇಳಾಂಗಿಲ್ವಾ?"

"ಜಾತಿ ಬೇರೆ ಇದ್ರೇನೇ ಮಕ್ಳಾಗೋದು ಇವಕ್ಕೆ," ಅಂದಳು ಹುಡುಗಿ.

"ಏ ರತ್ನಿ, ಕೇಳ್ಸ್ತಾ? ಊರಲ್ ಯೋಳ್ಬ್ಯಾಡ ಕಣಮ್ಮಿ, ಗಿಡ ಕಡ್ದಾಕ್ಬುಟ್ಟಾರು."

ರತ್ನಿ ಅಂದರೆ ನಾನು ಮುಂದಾಳಾಗಿ ಕರೆದೊಯ್ಯುತ್ತಿದ್ದ ಗುಂಪಿನ ಸಣ್ಣವಳು. ಮದುವೆಯಾಗಿ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಗಂಡ ಒಡೆಯರಪಾಳ್ಯದ ಕಡೆ ಬಾಡಿಗೆ ಟ್ರ್ಯಾಕ್ಟರು ಓಡಿಸುತ್ತಿದ್ದ. ಮಾತು ಕಮ್ಮಿ, ಬೆರಳು ಚುರುಕು. ನನಗೆ ಅತ್ತೆ ಅನ್ನುತ್ತಿದ್ದಳು.

ಮೊದಲ ವರ್ಷ ನಾವು ಮಾಡಿದ ಎಡವಟ್ಟು ಹೇಳುತ್ತೇನೆ, ನೀವು ಮಾಡಬೇಡಿ. ಪುಡಿ ಇಟ್ಟುಕೊಳ್ಳಲು ಚಿಕ್ಕ ಡಬ್ಬಿ ಬೇಕಾಗಿತ್ತು. ಎಲೆ ಅಡಿಕೆ ಹಾಕುವವರು ನಾವು, ಎಲ್ಲರ ಸೊಂಟದಲ್ಲೂ ಸುಣ್ಣದ ಡಬ್ಬಿ. ತೊಳೆದು ಅದಕ್ಕೇ ಪುಡಿ ತುಂಬಿದೆವು. ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಸುಣ್ಣ ಉಳಿದೇ ಉಳಿಯುತ್ತದೆ. ಒಂದು ಬೆಳಗಿನ ಕೆಲಸವೆಲ್ಲ ಸುಟ್ಟುಹೋಯಿತು. ಹಚ್ಚಿದ ಹೂವೆಲ್ಲ ಕಪ್ಪಾಗಿ ನೆಲಕ್ಕೆ ಬಿದ್ದವು. ಆಮೇಲೆ ಎಲ್ಲರಿಗೂ ಸ್ಟೀಲಿನ ಕುಂಕುಮದ ಭರಣಿ ಬಂತು. ಹೊಸದು. ಹಳೆಯ ಭರಣಿಯನ್ನೂ ತರಬೇಡಿ.

ದಾರ ಕಟ್ಟುವುದು ಬಂದದ್ದು ಎರಡನೇ ವರ್ಷ. ಹಚ್ಚಿದ ಹೂ ಯಾವುದು, ಬಿಟ್ಟದ್ದು ಯಾವುದು ಗೊತ್ತಾಗುತ್ತಿರಲಿಲ್ಲ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ದಾರ ಕೊಟ್ಟರು. ಹೂವಿನ ತೊಟ್ಟಿಗಲ್ಲ, ಪಕ್ಕದ ಕಡ್ಡಿಗೆ ಕಟ್ಟಬೇಕು, ಹೂ ಬಿದ್ದರೂ ದಾರ ಇರುವ ಹಾಗೆ. ನನ್ನದು ಕೆಂಪು, ಕೆಂಪಿಯದು ಹಸಿರು, ರತ್ನಿಯದು ಹಳದಿ. ಒಳ್ಳೆ ಉಪಾಯವೇ. ಆದರೆ ಕೂಲಿಯವರ ಕೆಲಸಕ್ಕೆ ಗುರುತು ಅಂಟಿಸಿದ ದಿನದಿಂದ ಮಾತೂ ಅಂಟಿಕೊಳ್ಳುತ್ತದೆ. ಯಾರ ಕೈಗುಣ ಚೆನ್ನಾಗಿದೆ, ಯಾರದು ಇಲ್ಲ ಅಂತ ಶುರುವಾಯಿತು.

ಕೈಗುಣದ ಮಾತು ಆಟದ ಮಾತಲ್ಲ. ಒಬ್ಬಳ ಕೈಗುಣ ಕೆಟ್ಟದ್ದು ಅಂತ ಒಂದು ತೋಟದಲ್ಲಿ ಹೇಳಿದರೆ ಹನೂರಿನ ತನಕ ಹೋಗುತ್ತದೆ. ಅವಳನ್ನು ಬಿತ್ತನೆಗೆ ಕರೆಯಲ್ಲ, ಪೈರು ಹಾಕಲು ಕರೆಯಲ್ಲ, ಕಡೆಗೆ ಮನೆಯಲ್ಲೂ ಹಾಲಿಗೆ ಹೆಪ್ಪು ಹಾಕಬೇಡ ಅನ್ನುತ್ತಾರೆ. ಕೂಲಿ ಮಾಡಿ ತಿನ್ನುವವಳಿಗೆ ಕೈ ಬಿಟ್ಟರೆ ಇನ್ನೇನಿದೆ.

ಇನ್ನೊಂದು ಕಟ್ಟುಪಾಡು ಇತ್ತು. ನಮ್ಮ ಕಡೆ ವೀಳ್ಯದೆಲೆ ತೋಟದಲ್ಲಿ ಮೊದಲಿಂದ ಇರುವುದೇ. ತಿಂಗಳಿಗೆ ಹೊರಗಾದ ಹೆಂಗಸು ಬಳ್ಳಿಯ ಹತ್ತಿರ ಹೋಗಬಾರದು, ಹೋದರೆ ಬಳ್ಳಿ ಒಣಗುತ್ತದೆ ಅಂತ. ಗೌರಮ್ಮನವರು ಅದನ್ನು ಸೀತಾಫಲಕ್ಕೂ ತಂದರು. ಬೆಳಗ್ಗೆ ಗೇಟಿನಲ್ಲಿ ನಿಂತು ಕೇಳುತ್ತಿದ್ದರು.

"ಯಾರಾರ ಹೊರಗಾಗಿದ್ದೀರವ್ವಾ? ಈಗ್ಲೇ ಯೋಳ್ಬುಡಿ."

ಆಗಿದ್ದವರು ಹಾಗೇ ತಿರುಗಿ ಹೋಗುತ್ತಿದ್ದರು. ಗೌರಮ್ಮನವರು ಕೆಟ್ಟ ಹೆಂಗಸಲ್ಲ. ನಮಗೆ ಮಜ್ಜಿಗೆ ಕೊಡುವಾಗ ಲೋಟ ಎಣಿಸಿದವರಲ್ಲ. ಆದರೆ ಈ ವಿಷಯದಲ್ಲಿ ಗಟ್ಟಿ. ಹಿಂದೊಮ್ಮೆ ಯಾವಳೋ ತಿಳಿಯದೆ ಕೈಯಿಟ್ಟಳು ಅಂತ ಒಂದು ಪಾತಿ ಎಲೆಬಳ್ಳಿಯನ್ನು ಬುಡಸಮೇತ ಕೀಳಿಸಿ ಹೊರಗೆ ಹಾಕಿಸಿದ್ದರು. ಬಳ್ಳಿ ಹಸಿರಾಗೇ ಇತ್ತು, ನಾನು ನೋಡಿದ್ದೇನೆ.

ದಾರ ಬಂದ ವರ್ಷ ಮುಂಗಾರಿಗೆ ಮೊದಲೇ ಒಂದು ಒಳ್ಳೆ ಮಳೆ ಬಿತ್ತು. ಅದರ ಹಿಂದೆಯೇ ಇಡೀ ತೋಟ ಒಟ್ಟಿಗೆ ಹೂವಾಯಿತು. ಹೀಗಾಗುವುದು ಅಪರೂಪ. ಆದಾಗ ಇರುವ ಕೈಯೆಲ್ಲ ಬೇಕು, ಬಿಸಿಲೇರುವ ಮೊದಲು ಮುಗಿಸಬೇಕು. ಆ ದಿನವೇ ಗೇಟಿನಲ್ಲಿ ಮೂವರು ಹೌದು ಅಂದರು, ಕೆಂಪಿಯೂ ಸೇರಿ.

"ಅಮ್ಮಾವ್ರೇ, ನಂದೇನೋ ನಿಲ್ಲಾ ಕಾಲ ಬಂತು, ಇದೊಂದ್ ಸಲ ಲೆಕ್ಕಕ್ ಇಲ್ದಂಗ್ ಬುಟ್ಬುಡಿ," ಅಂದಳು ಕೆಂಪಿ.

"ಓಗವ್ವ, ಓಗು. ನಿಂತಾಗ್ ಬಾ."

ರತ್ನಿ ಇಲ್ಲ ಅಂದು ತಲೆ ತಗ್ಗಿಸಿ ಒಳಗೆ ಬಂದಳು. ಹೊಟ್ಟೆಯ ಹತ್ತಿರ ಸೆರಗು ಒತ್ತಿ ಹಿಡಿದಿದ್ದಳು. ನನಗೆ ಗೊತ್ತಾಯಿತು. ನಾನು ಕೇಳಲಿಲ್ಲ. ಅವಳೂ ಹೋಗಿದ್ದರೆ ಆ ದಿನ ಅರ್ಧ ತೋಟ ಹಚ್ಚದೆ ಬಿಟ್ಟು ಬರಬೇಕಾಗಿತ್ತು.

ತೋಟದ ಸಾಲುಗಳಿಗೆ ನಾವೇ ಹೆಸರಿಟ್ಟಿದ್ದೆವು. ಬಾವಿ ಸಾಲು, ಹುಣಸೆ ಸಾಲು, ಬೇಲಿ ಸಾಲು, ಬಂಡೆ ಸಾಲು. ಬಂಡೆ ಸಾಲಿನ ಪಕ್ಕ ಹಾಸುಬಂಡೆ ಇದೆ, ಅದು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಆದ್ದರಿಂದ ಅದನ್ನು ದಿನಾ ಕೆಂಪಿ ಹೊತ್ತು ಮೂಡುವ ಮೊದಲೇ ಮುಗಿಸುತ್ತಿದ್ದಳು. ಆ ದಿನ ಕೆಂಪಿ ಇಲ್ಲ. ಉಳಿದವರು ನಮ್ಮ ನಮ್ಮ ಸಾಲು ಮುಗಿಸುವಷ್ಟರಲ್ಲಿ ಬಿಸಿಲು ಬೆನ್ನಿಗೆ ಬಂದಿತ್ತು. ಬಿಸಿ ಗಾಳಿಯೂ ಎದ್ದಿತು. ರತ್ನಿಯನ್ನು ಬಂಡೆ ಸಾಲಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೂಗಿದಳು.

"ಅತ್ತೆ, ಅಂಟೇ ಇಲ್ಲ ಇವುಕ್ಕೆ. ಒಣಗ್ಬುಟ್ಟವೆ."

"ಒಣಗಿದ್ರೆ ಬುಡು," ಅಂದೆ ನಾನು.

ಗೌರಮ್ಮನವರು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. "ಒಂದೂ ಬುಡ್ಬ್ಯಾಡಿ. ಎಲ್ಲಾವ್ಕೂ ಅಚ್ಚಿ. ಇಂಥ ಹೂ ಮತ್ತ ಬಂದಾದಾ?"

ಯಜಮಾನಿಯೇ ಹೇಳಿದ ಮೇಲೆ ಮುಗಿಯಿತು. ರತ್ನಿ ಸಾಲಿನ ಕೊನೆಯ ತನಕ ಹಚ್ಚಿದಳು. ಹಚ್ಚಿದ್ದಕ್ಕೆಲ್ಲ ಹಳದಿ ದಾರ ಕಟ್ಟಿದಳು. ಮಾರನೇ ದಿನವೂ ಕೆಂಪಿ ಬರಲಿಲ್ಲ. ಈ ಸಲ ನಾನು ಎಚ್ಚರ ವಹಿಸಿ ಎಲ್ಲರನ್ನೂ ಇನ್ನೂ ಬೇಗ ಕರೆದುಕೊಂಡು ಬಂದೆ. ಹುಣಸೆ ಮರದ ನೆರಳಿಗೆ ಒಂದು ದಿನ ತಡವಾಗಿ ಅರಳಿದ ಹುಣಸೆ ಸಾಲನ್ನು ರತ್ನಿಗೆ ಕೊಟ್ಟೆ. ತಂಪಿನಲ್ಲೇ ಮುಗಿಸಿದಳು. ಗೇಟಿನಲ್ಲಿ ಆ ದಿನವೂ ಇಲ್ಲ ಅಂದಿದ್ದಳು.

ಹೂವಿನ ಎಸಳು ಉದುರಿ ಕಾಯಿ ಕಾಣಿಸಿಕೊಂಡಾಗ ಹುಣಸೆ ಸಾಲಿನ ತುಂಬ ಕಾಯಿ ಕಚ್ಚಿತ್ತು. ಗೌರಮ್ಮನವರು ನೆಂಟರನ್ನು ಕರೆತಂದು ಆ ಸಾಲನ್ನೇ ತೋರಿಸುತ್ತಿದ್ದರು. ಬಂಡೆ ಸಾಲಿನಲ್ಲಿ ಒಂದು ಕಾಯಿ ಇಲ್ಲ. ಹಳದಿ ದಾರ ಮಾತ್ರ, ಕಡ್ಡಿ ಕಡ್ಡಿಗೂ ಗಾಳಿಗೆ ಅಲ್ಲಾಡುತ್ತಾ ಇತ್ತು. ಗೌರಮ್ಮನವರು ಸಾಲಿನ ಉದ್ದಕ್ಕೂ ನಡೆದು ನೋಡಿದರು. ಹಿಂತಿರುಗಿ ಬಂದು ನನ್ನನ್ನು ಕೇಳಿದರು.

"ಅಳದಿ ಯಾರ್ದು?"

"ರತ್ನಿದು."

"ಅವತ್ತು ಆಕೆ ಹೊರಗಾಗಿದ್ಲಾ?"

"ಅದ್ನ ಗೇಟಲ್ ಕೇಳ್ದೋರು ನೀವು. ನಾನ್ ಕೇಳ್ನಿಲ್ಲ," ಅಂದೆ. ಅದಕ್ಕಿಂತ ಹೆಚ್ಚು ನನ್ನ ಬಾಯಿಂದ ಬರಿಸಲು ಆಗಲಿಲ್ಲ ಅವರಿಗೆ.

"ನಾಳಕ ಮಾದಪ್ಪನ ದೀಪ ಮುಟ್ಟಿ ಯೋಳ್ಲಿ," ಅಂದರು.

ಹೊರಗಿನವರಿಗೆ ಇದು ದೊಡ್ಡದು ಅನ್ನಿಸದೇ ಇರಬಹುದು. ನಮ್ಮ ಕಡೆ ಬೆಟ್ಟದ ದೇವರು ಮಾದಪ್ಪನ ಹೆಸರಲ್ಲಿ ಸುಳ್ಳು ಆಣೆ ಇಟ್ಟವರು ಯಾರೂ ಇಲ್ಲ ಅಂತಲ್ಲ, ಆದರೆ ಇಟ್ಟವರು ಆಮೇಲೆ ಸುಖವಾಗಿ ಮಲಗಿದ್ದನ್ನು ನಾನು ಕಂಡಿಲ್ಲ. ಮಗುವಿಗೆ ಜ್ವರ ಬಂದರೂ ಅದೇ, ಹಸು ಗಬ್ಬ ಇಳಿದರೂ ಅದೇ ಅಂದುಕೊಂಡು ಒಣಗುತ್ತಾರೆ. ರತ್ನಿ ಸುಳ್ಳು ಹೇಳಿದರೆ ಹಾಗೆ. ನಿಜ ಹೇಳಿದರೆ ಕೈಗುಣ ಹೋಯಿತು.

ಸಂಜೆ ಬೀದಿ ನಲ್ಲಿಯ ಹತ್ತಿರ ಅವಳನ್ನು ಹಿಡಿದೆ. ಬಿಂದಿಗೆ ತುಂಬುತ್ತಾ ಇತ್ತು.

"ನಾಳೆ ಬರ್ಬ್ಯಾಡ ಕಣಮ್ಮಿ. ಜ್ವರ ಅಂತ ಯೋಳ್ತೀನಿ ನಾನು."

"ಬರ್ನಿಲ್ಲ ಅಂದ್ರ ಒಪ್ಕಂಡಂಗೇ ಅಲ್ವಾ ಅತ್ತೆ?"

"ಬಂದು ಏನಂದೀಯೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ಬಂದು ದೀಪದ ಮುಂದ ನಿಂತ್ಕಂಡೀಯಾ?"

ಬಿಂದಿಗೆ ತುಂಬಿ ಚೆಲ್ಲಿತು. ಎತ್ತಿಕೊಂಡು ಹೊರಟಳು. ಸ್ವಲ್ಪ ದೂರ ಹೋಗಿ ತಿರುಗಿ, "ಅವತ್ತು ನಾನು ಮನ್ಗ ಓಗಿದ್ರೆ ನಮ್ಮತ್ತೆ ಕೊಟ್ಗೇಲಿ ಕೂರ್ಸಾಳು, ಅಲ್ಲೂ ಸಗಣಿ ಬಾಚಾದು ತಪ್ಪಕ್ಕಿಲ್ಲ. ಸಗಣಿ ಬಾಚಕ್ಕೆ ಯಾರೂ ಏನೂ ಕೇಳಲ್ಲ ನೋಡಿ," ಅಂದಳು. ಅವಳು ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ಬೆಳಗ್ಗೆ ಎಲ್ಲರೂ ಬಂದರು. ತೋಟದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಮಾದಪ್ಪನ ಕಲ್ಲು ಇದೆ. ಗೌರಮ್ಮನವರು ಮಿಂದು, ವಿಭೂತಿ ಇಟ್ಟು, ಕಲ್ಲಿನ ಮುಂದೆ ದೀಪ ಹಚ್ಚಿದ್ದರು. ಶಿವಣ್ಣನವರು ಆಚೆ ನಿಂತು ನೆಲ ನೋಡುತ್ತಿದ್ದರು.

"ಅವ್ವ, ಕೆಲ್ಸದ್ ಹೊತ್ತು," ಅಂದರು.

"ನೀನ್ ಸುಮ್ನಿರ್ಲಾ. ಇದು ಕೆಲ್ಸವೇಯ."

ರತ್ನಿಯನ್ನು ಮುಂದೆ ಕರೆದರು. ಗಾಳಿಗೆ ದೀಪ ಆರದ ಹಾಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದರು. "ಮುಟ್ಟಿ ಯೋಳವ್ವ. ಬಂಡೆ ಸಾಲ್ ಮಾಡ್ದಾಗ ನಾನು ಹೊರಗಾಗಿರ್ನಿಲ್ಲ ಅನ್ನು. ಅಷ್ಟೇಯ. ಅಂದ್ರೆ ನಾನೂ ನಂಬ್ತೀನಿ, ಮಾದಪ್ಪನೂ ನಂಬ್ತನೆ."

ರತ್ನಿ ಕೈ ಚಾಚಿದಳು. ರತ್ನಿಯ ಬೆರಳು ದೀಪದ ಹತ್ತಿರ ಹೋಯಿತು, ಮುಟ್ಟಲಿಲ್ಲ, ಅಲ್ಲೇ ನಿಂತಿತು.

"ಆಗಿದ್ದೆ ಕಣ್ರಮ್ಮಾ," ಅಂದಳು.

ಗೌರಮ್ಮನವರು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು. "ಅದ್ರ ಮಾರನೇ ದಿನಾನೂ ಆಗಿದ್ದೆ. ಅವತ್ತು ಮಾಡ್ದುದ್ದು ಹುಣ್ಸೆ ಸಾಲು. ಇದೇ ಕೈಯಿ."

ಎಲ್ಲರೂ ಹುಣಸೆ ಸಾಲಿನ ಕಡೆ ತಿರುಗಿದೆವು. ಶಿವಣ್ಣನವರು ನೆಲ ನೋಡುವುದು ಬಿಟ್ಟು ತಾಯಿಯ ಮುಖ ನೋಡಿದರು. ಅವರಿಗೆ ರತ್ನಿಯ ಚಿಂತೆ ಅಲ್ಲ. ಕಿತ್ತು ಹಾಕಿಸಿದ ಎಲೆಬಳ್ಳಿ ಅವರಿಗೂ ನೆನಪಿತ್ತು. ತಾಯಿ ಒಂದು ಮಾತು ಅಂದರೆ ಆ ವರ್ಷದ ಒಳ್ಳೆಯ ಕಾಯೆಲ್ಲ ಹೀಚಿನಲ್ಲೇ ನೆಲಕ್ಕೆ.

ಗೌರಮ್ಮನವರು ನನ್ನ ಕಡೆ ನೋಡಿದರು. "ನೀನ್ ಯೋಳು. ಹಂಗಾರೆ ಬಂಡೆ ಸಾಲು ಯಾಕ್ ಕಚ್ನಿಲ್ಲ?"

ಈ ಹೊತ್ತಿನಲ್ಲಿ ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. "ದಿನಾ ಅದ್ನ ಮಾಡ್ತಿದ್ದೋಳು ಕೆಂಪಿ. ಅವತ್ತು ಕೆಂಪಿನ ಗೇಟಿಂದ ವಾಪಸ್ ಕಳ್ಸುದ್ರಿ. ನಾವ್ ಅಲ್ಲಿಗ್ ಓಗ ಹೊತ್ಗೆ ಬಿಸ್ಲು ಬಂದು ಅಂಟು ಒಣಗಿತ್ತು. ಒಣಗಿದ್ರೆ ಬುಡು ಅಂದೆ ನಾನು. ಬುಡ್ಬ್ಯಾಡಿ ಅಂದ್ರಿ ನೀವು."

"ನಾನ್ ಕಳ್ಸ್ದೆ ಅಂತ ಕಚ್ನಿಲ್ವಾ?"

"ಹೊತ್ ಮೀರಿತ್ತು ಅಂತ ಕಚ್ನಿಲ್ಲ. ಹೊತ್ ಯಾಕ್ ಮೀರ್ತು ಅಂತ ನೀವೇ ನೋಡ್ಕಳಿ."

ಕೆಲಸ ಹೋದರೆ ನನ್ನದೂ ಹೋಗಲಿ ಅನ್ನಿಸಿತ್ತು.

ಗೌರಮ್ಮನವರು ದೀಪದ ಪಕ್ಕದಿಂದ ಎದ್ದರು. ಸೆರಗು ಬಿಗಿ ಮಾಡಿಕೊಂಡು ಹುಣಸೆ ಸಾಲಿಗೆ ನಡೆದರು. ನಾವು ಹಿಂದೆ ಹೋಗಲಿಲ್ಲ, ನಿಂತಲ್ಲೇ ನಿಂತೆವು. ಮೊದಲ ಗಿಡದ ಹತ್ತಿರ ನಿಂತು ಒಂದು ಕೊಂಬೆ ಬಗ್ಗಿಸಿದರು. ಹಳದಿ ದಾರದ ಪಕ್ಕದಲ್ಲಿ ಕಾಯಿ, ನಿಂಬೆಯ ಗಾತ್ರ. ಅದನ್ನು ಅಂಗೈಯಲ್ಲಿ ಹಿಡಿದರು. ಹಿಡಿದೇ ಇದ್ದರು. ತಿರುಚಿದರೆ ಬಂದುಬಿಡುತ್ತದೆ ಆ ಕಾಯಿ, ತೊಟ್ಟು ಅಷ್ಟು ಎಳೆ. ರತ್ನಿ ದೀಪದ ಮುಂದಿನಿಂದ ಕದಲಿರಲಿಲ್ಲ. ಚಾಚಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಗೌರಮ್ಮನವರು ಕೊಂಬೆ ಬಿಟ್ಟರು. ಕಾಯಿ ಕೊಂಬೆಯ ಜೊತೆ ಮೇಲೆ ಹೋಯಿತು. ಎರಡನೇ ಗಿಡ ನೋಡಿದರು, ಮೂರನೆಯದು ನೋಡಿದರು. ಕೆಳಗೆ ಬಿದ್ದಿದ್ದ ಒಂದು ಎಲೆ ಎತ್ತಿ ಮಡಿಸಿ ನೋಡಿದರು. ಅಲ್ಲಿಂದಲೇ ಕೂಗಿದರು.

"ಶಿವಾ, ಈ ಸಾಲ್ಗ ನೀರ್ ಬುಟ್ಟು ಎಷ್ಟ್ ದಿನ ಆಯ್ತುಲಾ? ಎಲೆ ಮುದುರ್ತಾ ಅವೆ. ಕಾಯಿ ಇಂಗ್ ಕುಂತಿರಾವಾಗ ನೀರಿಲ್ದೆ ಬುಟ್ಟಿದ್ದೀಯಲ್ಲ."

"ಬುಡ್ತೀನಿ ಅವ್ವ," ಅಂದು ಶಿವಣ್ಣನವರು ಹೊರಟರು.

"ನೀನ್ ಬ್ಯಾಡ. ನಿಂಗ್ ಯಾವ್ ಸಾಲ್ಗ ಯಾವ್ ವಾಲು ಅನ್ನಾದೇ ಗೊತ್ತಿಲ್ಲ." ಬೇವಿನ ಮರದ ಕಡೆ ತಿರುಗಿದರು. "ಏನವ್ವ ರತ್ನಿ, ಬೆಳ್ಬೆಳಿಗ್ಗೆ ನಿಂತ್ಕಂಡಿದ್ರೆ ಕೂಲಿ ಯಾರ್ ಕೊಟ್ಟಾರು? ಓಗು, ವಾಲ್ ತಿರುಗ್ಸು."

ರತ್ನಿ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಬಾವಿಯ ಹತ್ತಿರ ಹೋಗಿ ಕೂತು ಎರಡೂ ಕೈಯಿಂದ ಹುಣಸೆ ಸಾಲಿನ ನೀರಿನ ವಾಲ್ವು ತಿರುಗಿಸಿದಳು. ಬಹಳ ದಿನದಿಂದ ಬಿಗಿದುಕೊಂಡಿತ್ತು ಅಂತ ಕಾಣುತ್ತದೆ, ಬೇಗ ತಿರುಗಲಿಲ್ಲ. ಪೈಪಿನಲ್ಲಿ ಮೊದಲು ಗಾಳಿ ಕೆಮ್ಮಿತು. ಆಮೇಲೆ ಹುಣಸೆ ಸಾಲಿನ ಬುಡಬುಡದಲ್ಲೂ ನೀರು ತೊಟ್ಟಿಕ್ಕಲು ಶುರುವಾಯಿತು.